ವಾಪಸ್ ಕೊಡಬೇಕಾದ ಹೂವು

ಕಳೆದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು ಮಗುವಿನ ಹುಟ್ಟುಹಬ್ಬಕ್ಕೆ ಕರೆದಿದ್ದರು. ಕೇಕಿನ ಮೇಲೆ ನಾಲ್ಕು ಬತ್ತಿ. ಮಗು ಕೆನ್ನೆ ಉಬ್ಬಿಸಿ ಊದಿತು, ಆರಿದವು. ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಚಿಟಿಚಿಟಿ ಎಂದು ತಾವಾಗಿಯೇ ಮತ್ತೆ ಹೊತ್ತಿಕೊಂಡವು. ಈಗ ಅಂಗಡಿಗಳಲ್ಲಿ ಸಿಗುತ್ತದಲ್ಲ, ಊದಿದರೆ ಆರದ ಬತ್ತಿ, ಅದು. ಮನೆ ತುಂಬ ನಗು. ಸುಟ್ಟ ದಾರದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಬಂಗಾರಪೇಟೆಯ ರೈಲು ಹತ್ತಿದೆ. ಐದು ವರ್ಷದ ಹಿಂದೆಯೇ ಹತ್ತಬೇಕಿದ್ದ ರೈಲು ಅದು.

ಆ ಚಳಿಗಾಲದಲ್ಲಿ ನನ್ನಿಂದಾಗಿ ಒಬ್ಬ ಮನುಷ್ಯನ ಕೆಲಸ ಹೋಯಿತು. ಬೇಕೆಂದು ಮಾಡಿದ್ದಲ್ಲ, ಒಳ್ಳೆಯದಾಗಲಿ ಎಂದೇ ಮಾಡಿದ್ದು. ಅತಿಬುದ್ಧಿ ತೋರಿಸುವವರೆಲ್ಲ ಹೇಳುವುದೂ ಇದನ್ನೇ.

ನನ್ನ ಗಂಡ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದರು. ಅವರು ತೀರಿಕೊಂಡಾಗ ಅನುಕಂಪದ ಮೇಲೆ ನನಗೆ ಕೆಲಸ ಕೊಟ್ಟು ಕೆಜಿಎಫ್‌ನ ಘಟಕಕ್ಕೆ ಹಾಕಿದರು. ಮಗಳು ಅರಸೀಕೆರೆಯಲ್ಲಿ ಅಜ್ಜಿಯ ಮನೆಯಲ್ಲಿ ಓದುತ್ತಿದ್ದಳು. ನಾನೊಬ್ಬಳೇ ಕ್ವಾರ್ಟರ್ಸಿನಲ್ಲಿ. ಸ್ಟೋರ್ಸ್ ವಿಭಾಗದಲ್ಲಿ ಎಲ್ಲರೂ ನನ್ನೊಂದಿಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಬಂದರೆ ತಮಾಷೆ ನಿಲ್ಲುತ್ತಿತ್ತು. ಕೆಲಸವೂ ಅನುಕಂಪದ್ದು, ಕ್ಯಾಂಟೀನಿನ ಕಾಫಿಯೂ ಅನುಕಂಪದ್ದು. ಎಂಟು ತಿಂಗಳು ಹಾಗೇ ಕಳೆದವು.

ನವೆಂಬರಿನಲ್ಲಿ ಕಾರ್ಖಾನೆಯ ಸಭಾಂಗಣದಲ್ಲಿ ರಾಜ್ಯೋತ್ಸವ. ಹೊರಗೆ ಜಡಿಮಳೆ. ಭಾಷಣಗಳೆಲ್ಲ ಮುಗಿದ ಮೇಲೆ ಮ್ಯಾಜಿಕ್ಕು ಎಂದರು. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯರೊಬ್ಬರು ವೇದಿಕೆಗೆ ಬಂದು ಸ್ಟೂಲಿನ ಮೇಲೆ ಕೂತರು. ಮೈಮೇಲೆ ಕಪ್ಪು ಕೋಟು, ಗುಂಡಿಗಳ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳಗಳು. ಹೆಸರು ಪ್ರೊಫೆಸರ್ ಚೌಡಪ್ಪ. ಗಣಿ ಮುಚ್ಚುವ ತನಕ ಕೆಜಿಎಫ್‌ನದೇ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಬಂಡೆಗೆ ಡ್ರಿಲ್ ಹಿಡಿದವರು, ಆಮೇಲೆ ಹೊಟ್ಟೆಪಾಡಿಗೆ ಈ ವಿದ್ಯೆ ಹಿಡಿದವರು ಎಂದು ಪಕ್ಕದವರು ಹೇಳಿದರು.

"ಯಾರಾದ್ರೂ ಒಬ್ರು ಮೇಲ್ ಬನ್ನಿ" ಎಂದು ಅವರು ಸಭೆಯ ಮೇಲೆ ಕಣ್ಣು ಹಾಯಿಸಿ ನನ್ನತ್ತ ಬೆರಳು ಮಾಡಿದರು. "ಆ ಮೂಲೇಲಿ ಕುಂತವ್ರೆ ನೋಡಿ, ಮೇಡಮ್ಮ. ಬನ್ನಿ ತಾಯಿ, ತಿನ್ನಲ್ಲ."

ಸಭೆಯ ತಲೆಗಳೆಲ್ಲ ನನ್ನತ್ತ ತಿರುಗಿದವು. ಚೌಡಪ್ಪನವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಯಾಕೋ ಎದ್ದು ಹೋದೆ. ಅವರು ಕೈಗೊಂದು ಮಂತ್ರದಂಡ ಕೊಟ್ಟರು. ನಾನು ಹಿಡಿದೊಡನೆ ಅದು ಬೇಯಿಸಿದ ನುಗ್ಗೆಕಾಯಿಯ ಹಾಗೆ ಬಾಗಿ ಬಿತ್ತು. ಅವರು ತೆಗೆದುಕೊಂಡರೆ ನೆಟ್ಟಗೆ, ನಾನು ಹಿಡಿದರೆ ಮೆತ್ತಗೆ. ಯಾರೂ ನಗಲಿಲ್ಲ. ಕೊನೆಗೆ ನನ್ನ ಖಾಲಿ ಅಂಗೈ ಮೇಲೆ ಕರವಸ್ತ್ರ ಹಾಸಿ ಎಳೆದರು, ಬಣ್ಣಬಣ್ಣದ ಗರಿಗಳ ಒಂದು ಹೂಗುಚ್ಛ ಪಟ್ಟನೆ ಅರಳಿತು. ಗಂಡ ಸತ್ತವಳ ಕೈಗೆ ತುಂಬಿದ ಸಭೆಯಲ್ಲಿ ಹೂವು. ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಎಂದದ್ದು ನನಗೂ ಕೇಳಿತು, ಅವರಿಗೂ ಕೇಳಿತು. ಅವರು ನನ್ನ ಹಣೆ ನೋಡಿದರು, ಕುತ್ತಿಗೆ ನೋಡಿದರು. ತಪ್ಪಾಯಿತೆಂದು ತಿಳಿಯಿತು. ಬೇರೆಯವರಾಗಿದ್ದರೆ ಕೈಮುಗಿದು ನನ್ನನ್ನು ಕೆಳಗಿಳಿಸಿ ಅಳಿಸುತ್ತಿದ್ದರು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕೈ ಚಾಚಿ, ಬಲು ಗಂಭೀರವಾಗಿ ಹೇಳಿದರು:

"ಕೊಡಮ್ಮಾ ವಾಪಸ್ಸು. ನನ್ನತ್ರ ಇರೋದೇ ಒಂದು."

ನನಗೆ ನಗು ಬಂತು. ಎಂಟು ತಿಂಗಳಿಂದ ಒಳಗೆ ಕೂತಿದ್ದ ನಗು ಹೊಟ್ಟೆ ಹಿಡಿದುಕೊಳ್ಳುವ ಹಾಗೆ ಬಂತು. ನಾನು ನಕ್ಕ ಮೇಲೆ ಸಭೆಯೂ ನಕ್ಕಿತು. ಹೂವನ್ನು ವಾಪಸ್ ಕೊಟ್ಟು ಕೆಳಗಿಳಿದು ಬಂದೆ. ಮರುದಿನದಿಂದ ಸ್ಟೋರ್ಸಿನವರು ನನ್ನ ಮುಂದೆಯೂ ತಮಾಷೆ ಮಾಡತೊಡಗಿದರು.

ಆ ವಾರವೇ ಚೌಡಪ್ಪನವರ ವಿಳಾಸ ಕೇಳಿಕೊಂಡು ಕೆಜಿಎಫ್‌ನ ಊರಿಗಾಂ ಬಡಾವಣೆಗೆ ಹೋದೆ. ಗಣಿ ಕಾರ್ಮಿಕರ ಹಳೆಯ ಲೈನ್‌ಮನೆ, ಒಂದೇ ಕೋಣೆ, ತಗಡಿನ ಸೂರು. ಹಿಂದೆ ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬ, ಗಾಳಿ ಎದ್ದರೆ ಬೂದುಬಣ್ಣದ ಧೂಳು ಹೊಸಿಲಿನ ತನಕ ಬರುತ್ತಿತ್ತು. ಅವರ ಹೆಂಡತಿ ಪಾಪಮ್ಮ ಕೋಟಿನ ತೋಳಿಗೆ ಹೊಲಿಗೆ ಹಾಕುತ್ತಿದ್ದರು. ನನಗಿಂತ ಹಿರಿಯರು, ಎರಡನೇ ಸಲ ಹೋದಾಗಲೇ ನನಗೆ ಪಾಪಕ್ಕ ಆಗಿಬಿಟ್ಟರು. ಡಿಸೆಂಬರಿನಿಂದ ಫೆಬ್ರವರಿ ತನಕ ಸ್ಕೂಲ್ ಡೇಗಳ ಕಾಲ, ಕೈಗೆ ಒಬ್ಬರು ಬೇಕೆಂದು ಚೌಡಪ್ಪನವರು ಹೇಳಿದರು. ರಜೆಯ ದಿನ ನಾನು ಬರುತ್ತೇನೆಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫ್ಯಾಕ್ಟ್ರಿ ಮೇಡಮ್ಮ ನನಗೆ ಅಸಿಸ್ಟೆಂಟಾ! ಪಾಪೀ, ಕೋಟಿಗೆ ಇನ್ನೊಂದ್ ಸೋಡಾ ಮುಚ್ಚಳ ಹೊಲಿ" ಎಂದರು.

ಆ ಚಳಿಗಾಲದ ಭಾನುವಾರಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಬೆಳಗಿನ ಮಂಜಿನಲ್ಲಿ ಬಸ್ಸು ಹಿಡಿದು ಬೇತಮಂಗಲ, ಕಾಮಸಮುದ್ರ, ಬಂಗಾರಪೇಟೆ. ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಅಲ್ಲಿಯ ಹೆಸರಾದ ಬಿಳಿ ನೀರಿನ ಪಾನಿಪುರಿ. ನನ್ನ ಕೆಲಸ ಆಟಕ್ಕೆ ಮೊದಲೇ ಸಭೆಯ ಹಿಂದೆ ನಿಂತು, ಯಾರನ್ನು ವೇದಿಕೆಗೆ ಕರೆಯಬೇಕೆಂದು ಗುರುತಿಸುವುದು. ಎರಡೂ ಕೈ ಎತ್ತಿ ಕುಣಿಯುವವನನ್ನು ಕರೆಯಬಾರದು, ಅವನು ಆಟ ಕೆಡಿಸುತ್ತಾನೆ. ಪಕ್ಕದವರು ಯಾರನ್ನು 'ನೀನು ಹೋಗು' ಎಂದು ನೂಕುತ್ತಾರೋ ಅವನನ್ನು ಕರೆಯಬೇಕು, ಅವನ ಮೇಲೆ ಜನಕ್ಕೆ ಪ್ರೀತಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಬಸ್ಸಿನಲ್ಲಿ ಹೇಳಿದ್ದರು.

"ಬೆಪ್ಪಾಗ್ಬೇಕಾಗಿರೋದು ಸಾಮಾನು ಮೇಡಮ್ಮ, ಮನುಷ್ಯ ಅಲ್ಲ. ದಂಡ ಬಗ್ಗಿದ್ರೆ ದಂಡಾನ ನೋಡಿ ನಗ್ಬೇಕು. ಮೇಲ್ ಬಂದೋನು ಇಳಿಯುವಾಗ ಸಣ್ಣೋನಾಗಿ ಇಳೀಬಾರ್ದು. ಅಂಗಾಯ್ತು ಅಂದ್ರೆ ಆ ತಪ್ಪು ನಮ್ದು."

ಅವರ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದದ್ದು ಆರದ ಬತ್ತಿಗೆ. ವೇದಿಕೆಗೆ ಬಂದ ಮೇಷ್ಟ್ರು ಊದುತ್ತಾರೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಮತ್ತೆ ಊದುತ್ತಾರೆ. ಚೌಡಪ್ಪನವರು ಸೈಕಲ್ ಪಂಪು ತೆಗೆದುಕೊಡುತ್ತಾರೆ, ಅದು ಆಡಿನ ಹಾಗೆ ಅರಚುತ್ತದೆ. ಮೇಷ್ಟ್ರು ಬೆವರುವ ಹೊತ್ತಿಗೆ ಚೌಡಪ್ಪನವರು ಸ್ಟೂಲಿನಿಂದ ಏಳದೆ ಎರಡು ಬೆರಳು ನಾಲಿಗೆಗೆ ಮುಟ್ಟಿಸಿ ಬತ್ತಿಯನ್ನು ಚಿವುಟಿ ಆರಿಸುತ್ತಾರೆ. "ಊದೋದು ಕೂಲಿ ಕೆಲಸ, ನಾನು ಪ್ರೊಫೆಸರ್ರು." ಮಕ್ಕಳು ಬೆಂಚು ಬಡಿದು ನಗುತ್ತಿದ್ದರು.

ಪೆಟ್ಟಿಗೆಯನ್ನು ಅವರು ಎಂದೂ ಎತ್ತುತ್ತಿರಲಿಲ್ಲ. "ಇದರಲ್ಲಿ ಆನೆ ಅದೆ, ನಾಲಕ್ ಜನ ಬನ್ನಿ" ಎಂದು ಸಭಿಕರಿಂದಲೇ ಹೊರಿಸುತ್ತಿದ್ದರು. ಆಟವೆಲ್ಲ ಕೂತೇ. ಮಾತಿನ ನಡುವೆ ಥಟ್ಟನೆ ನಿಲ್ಲಿಸಿ, ತುಟಿ ಬಿಗಿದು, ಜನರನ್ನು ಸುಮ್ಮನೆ ದಿಟ್ಟಿಸುತ್ತಿದ್ದರು. ಆ ನಿಲುಗಡೆಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಎಂಥ ಕಲೆ ಎಂದು ನಾನು ಬೆರಗಾಗುತ್ತಿದ್ದೆ. ಗಣಿಯ ಕಲ್ಲುಧೂಳು ಎದೆಯಲ್ಲಿ ಕೂತು ಅವರಿಗೆ ಉಸಿರೇ ಸಾಲುತ್ತಿರಲಿಲ್ಲ ಎಂಬುದು, ಉಸಿರು ತುಂಬಿಕೊಳ್ಳಲು ಅವರು ಕಂಡುಕೊಂಡ ದಾರಿಗಳೇ ಆ ಸ್ಟೂಲು, ಆ ನಿಲುಗಡೆ, ಆ ಕೂಲಿ ಕೆಲಸದ ಜೋಕು ಎಂಬುದು ನನಗೆ ಹೊಳೆಯಲೇ ಇಲ್ಲ. ವೇದಿಕೆಗೆ ಬಂದವರು ಅವರಿಗಾಗಿ ಎತ್ತುತ್ತಿದ್ದರು, ನಡೆಯುತ್ತಿದ್ದರು, ಊದುತ್ತಿದ್ದರು. ಇದು ಗೊತ್ತಿದ್ದದ್ದು ಪಾಪಕ್ಕನಿಗೆ ಮಾತ್ರ. ಕೆಮ್ಮುವವನನ್ನು ಯಾವ ಸ್ಕೂಲಿನವರೂ ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ ಎಂದು ಇಬ್ಬರೂ ಸೇರಿ ಮುಚ್ಚಿಟ್ಟಿದ್ದರು.

ಬಂಗಾರಪೇಟೆಯ ಸುತ್ತೆಲ್ಲ ಆಡಿಯೂ ಅವರು ತಮ್ಮ ಲೈನಿನಲ್ಲಿ ಮಾತ್ರ ಒಮ್ಮೆಯೂ ಆಡಿರಲಿಲ್ಲ. ನಾನು ಬಿಡಲಿಲ್ಲ. ಪಾಪಕ್ಕನಿಗೂ ಒಳಗೇ ಆಸೆ ಇತ್ತು. ಗಂಡನ ಆಟವನ್ನು ಮುಂದಿನ ಸಾಲಿನಲ್ಲಿ ಕೂತು ಆಕೆ ನೋಡಿಯೇ ಇರಲಿಲ್ಲ.

"ಊರಿಗೆಲ್ಲ ತೋರಿಸ್ತೀರಿ, ನಿಮ್ಮವರಿಗೆ ಯಾಕೆ ತೋರಿಸಲ್ಲ?" ಎಂದೆ.

"ನಮ್ಮೋರಿಗೆ ನನ್ ಬಂಡವಾಳ ಗೊತ್ತಮ್ಮ."

"ಒಂದೇ ಒಂದ್ ಸಲ" ಎಂದರು ಪಾಪಕ್ಕ, ಒಲೆಯ ಮುಂದಿನಿಂದ.

ಅವರು ಬಹಳ ಹೊತ್ತು ಬಾಗಿಲಾಚೆ ದಿಬ್ಬ ನೋಡುತ್ತ ಕೂತಿದ್ದು ಒಪ್ಪಿದರು. ಸಂಕ್ರಾಂತಿಯ ಮಧ್ಯಾಹ್ನ, ಲೈನಿನ ಹಾಲ್‌ನಲ್ಲಿ. ಆಟದ ಸಾಮಾನುಗಳನ್ನು ನನಗೆ ಬರೆಸಿದರು. ಕೊನೆಗೆ, "ಬತ್ತಿ ಬ್ಯಾಡ. ಆ ಆಲಲ್ಲಿ ಗಾಳಿ ಜಾಸ್ತಿ" ಎಂದರು.

ಗಾಳಿ ಎಂದರಲ್ಲ, ನಾನು ಅಷ್ಟನ್ನೇ ಹಿಡಿದೆ. ಸಂಕ್ರಾಂತಿಯಂದು ಗಂಟೆ ಮೊದಲೇ ಹೋಗಿ ಹಾಲ್‌ನ ಕಿಟಕಿಗಳನ್ನೆಲ್ಲ ಮುಚ್ಚಿದೆ. ಬಾಗಿಲು ಮುರಿದಿದ್ದ ಕಿಟಕಿಗೆ ರಟ್ಟು ಕಟ್ಟಿದೆ. ಅಗರಬತ್ತಿ ಹಚ್ಚಿ ನೋಡಿದೆ, ಹೊಗೆ ಅಲುಗಾಡದೆ ನೆಟ್ಟಗೆ ಏರಿತು. ಅವರ ಅತ್ಯುತ್ತಮ ಆಟವನ್ನು ಅವರ ಜನ ನೋಡದೆ ಹೋಗಬಾರದು, ಅವರಿಗೊಂದು ಸಂತೋಷವಾಗಲಿ ಎಂದು ಬತ್ತಿಯನ್ನು ಪೆಟ್ಟಿಗೆಗೆ ಹಾಕಿಕೊಂಡೆ.

ಹಾಲ್ ತುಂಬಿತ್ತು. ಹಿಂದೆ ಹುಡುಗರು ಮೊಬೈಲು ಹಿಡಿದು ನಿಂತಿದ್ದರು. ಪಾಪಕ್ಕ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮುಂದಿನ ಸಾಲಿನಲ್ಲಿ. ದಂಡ ಬಗ್ಗಿತು, ಹೂವು ಅರಳಿತು, ಆನೆಯ ಪೆಟ್ಟಿಗೆ ಬಂತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜನ ಅವರನ್ನು ರೇಗಿಸಿದರು, ಅವರು ಮೂರರಲ್ಲೂ ತಿರುಗಿಸಿ ಕೊಟ್ಟರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಗ ನಾನು ಬತ್ತಿ ಹಚ್ಚಿ ಮೇಜಿನ ಮೇಲಿಟ್ಟೆ. ಅವರು ನನ್ನನ್ನು ನೋಡಿದರು. ಆ ನೋಟವನ್ನೂ ಆಟದ ಭಾಗ ಎಂದುಕೊಂಡ ಬುದ್ಧಿವಂತೆ ನಾನು. ಎರಡನೇ ಸಾಲಿನಲ್ಲಿ ಇಸ್ತ್ರಿ ಅಂಗಿಯ ಮುದುಕರೊಬ್ಬರನ್ನು ಪಕ್ಕದ ಹೆಂಗಸರು ನಗುತ್ತ ನೂಕುತ್ತಿದ್ದರು, ಬತ್ತಿಯನ್ನು ಆ ಹೆಂಗಸರಿನ್ನೂ ನೋಡಿರಲಿಲ್ಲ. ನೂಕಿಸಿಕೊಂಡವರನ್ನೇ ಕರೆಯಬೇಕೆಂದು ಚೌಡಪ್ಪನವರು ಕಲಿಸಿದ್ದರಲ್ಲ, ಆ ಮುದುಕರ ಕೈ ಹಿಡಿದು ಮೇಲೆ ಕರೆತಂದೆ.

ಅವರ ಹೆಸರು ದೊರೈ. ಚೌಡಪ್ಪನವರ ಜೊತೆ ಒಂದೇ ಗ್ಯಾಂಗಿನಲ್ಲಿ ಇಪ್ಪತ್ತು ವರ್ಷ ಗಣಿಗೆ ಇಳಿದವರು.

"ಊದಿ" ಎಂದೆ ನಾನು, ಮೈಕಿನಲ್ಲಿ.

ದೊರೈ ಬಾಗಿ ಊದಿದರು. ಜ್ವಾಲೆ ಬಾಗಲಿಲ್ಲ. ಮತ್ತೆ ಊದಿದರು, ಭುಜಗಳು ಕಿವಿಯ ತನಕ ಎದ್ದವು, ಕುತ್ತಿಗೆಯ ನರ ಉಬ್ಬಿದವು. ಜ್ವಾಲೆ ನಾನು ಮುಚ್ಚಿದ ಕಿಟಕಿಗಳ ನಡುವೆ ನೆಟ್ಟಗೆ ನಿಂತಿತ್ತು. ಈ ಬತ್ತಿಯ ತಮಾಷೆ ಶುರುವಾಗಬೇಕಾದರೆ ಅದು ಒಮ್ಮೆಯಾದರೂ ಆರಬೇಕು. ಅದು ಆರಲೇ ಇಲ್ಲ. ಹಿಂದೆ ಹುಡುಗರು ನಕ್ಕರು. ಮುಂದಿನ ಸಾಲುಗಳಲ್ಲಿ ಒಬ್ಬರೂ ನಗಲಿಲ್ಲ, ಅಲ್ಲಿ ಪ್ರತಿ ಮನೆಯಲ್ಲೂ ಅಂಥದ್ದೊಂದು ಎದೆ ಇತ್ತು. ದೊರೈ ಮೇಜು ಹಿಡಿದುಕೊಂಡು ಕೆಮ್ಮತೊಡಗಿದರು. "ಮುಡಿಯಲೆ ಚೌಡಾ" ಎಂದರು, ಆಗುತ್ತಿಲ್ಲ ಎಂದು ತಮಿಳಿನಲ್ಲಿ, ಕ್ಷಮೆ ಕೇಳುವವರಂತೆ.

ಚೌಡಪ್ಪನವರು ಸ್ಟೂಲಿನಿಂದ ಎದ್ದರು. ಆ ಕಾಲದಲ್ಲೆಲ್ಲ ಆಟದ ನಡುವೆ ಅವರು ಎದ್ದದ್ದು ಅದೊಂದೇ ಸಲ. ದೊರೈಯ ಭುಜದ ಮೇಲೆ ಕೈ ಹಾಕಿ, "ನಿನ್ನೊಬ್ಬನ ಕೈಲಿ ಎಲ್ಲಾಯ್ತದ್ಲಾ? ಗ್ಯಾಂಗು ಸೇರಿ ಊದಾನ ಬಾ" ಎಂದು ತಾವೂ ಬಾಗಿದರು. ಎಲ್ಲರೆದುರು ಊದಿದರು. ಒಡೆದ ಸೀಟಿಯ ಹಾಗೆ ಸಣ್ಣ ಸದ್ದು ಬಂತು, ಗಾಳಿ ಬರಲಿಲ್ಲ. ಇಬ್ಬರೂ ಒಟ್ಟಿಗೆ ಊದಿದರು. ಜ್ವಾಲೆ ಹಾಗೇ ನಿಂತಿತ್ತು. ಇಷ್ಟು ದಿನ ನಾನು ನಕ್ಕ ಒಂದೊಂದು ನಿಲುಗಡೆಯೂ ಆಗ ನನಗೆ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೈಕನ್ನು ಕೆಳಗಿಟ್ಟೆ.

ಪಾಪಕ್ಕ ಎದ್ದು ಬಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿ, ಇಬ್ಬರನ್ನೂ ನೋಡಿ ಸಭೆಗೆಲ್ಲ ಕೇಳುವ ಹಾಗೆ, "ಎರಡ್ ಎರಡ್ ಗಂಡಸ್ರು, ಒಂದ್ ಬತ್ತಿ ಆರ್ಸಕ್ಕಾಗಲ್ಲ! ಇವ್ರು ಬಂಡೆ ಒಡದ್ರಂತೆ!" ಎಂದು ಬೆರಳಿಗೆ ಎಂಜಲು ಮುಟ್ಟಿಸಿ ಬತ್ತಿ ಚಿವುಟಿದರು. ಸಭೆ ನಕ್ಕಿತು. ಮುಂದಿನ ಸಾಲಿನವರು ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ದೊರೈ ಸಣ್ಣವರಾಗಿ ಇಳಿಯಲಿಲ್ಲ, ಗೆಳೆಯನ ಹೆಗಲು ಹಿಡಿದುಕೊಂಡು ನಗುತ್ತಲೇ ಇಳಿದರು.

ಆದರೆ ಹುಡುಗರ ಮೊಬೈಲಿನಲ್ಲಿ ಅದಿತ್ತು. ಇಬ್ಬರು ಮುದುಕರು ಒಂದು ಮೇಣದಬತ್ತಿ ಊದುವ ವಿಡಿಯೋ ಮೂರು ದಿನದಲ್ಲಿ ಬಂಗಾರಪೇಟೆ ತಲುಪಿತು. ಆ ವಾರ ಸ್ಕೂಲ್ ಡೇ ಗೊತ್ತುಮಾಡಿದ್ದ ಒಂದು ಶಾಲೆಯವರು ನನಗೆ ಫೋನ್ ಮಾಡಿ, ಮಕ್ಕಳ ವಿಷಯ, ಅಂಟುರೋಗ ಏನಾದರೂ ಇದ್ದರೆ ಕಷ್ಟ ಎಂದರು. ಅದು ಕಲ್ಲಿನ ಧೂಳು ಸಾರ್, ಅಂಟುವುದಿಲ್ಲ ಎಂದು ಕೂಗಾಡಿದೆ. ಆಗಲಿ ನೋಡೋಣ ಎಂದರು. ಉಳಿದ ಶಾಲೆಗಳವರೂ ಅದನ್ನೇ ಅಂದರು, ಹಾಗೆ ಅಂದವರು ಯಾರೂ ಮತ್ತೆ ಕರೆಯಲಿಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಮಂಚದಡಿ ಸೇರಿತು.

ಚೌಡಪ್ಪನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆನೇನೋ. ಏಪ್ರಿಲ್‌ನಲ್ಲಿ ನನಗೆ ಬೆಂಗಳೂರಿಗೆ ವರ್ಗವಾಯಿತು. ಕೇಳಿ ಮಾಡಿಸಿಕೊಂಡ ವರ್ಗ ಅದು. ಹೇಳಿ ಬರಲು ಹೋದಾಗ ಅವರು ಗೋಡೆಗೆ ಒರಗಿ ಕೂತಿದ್ದರು. "ಓಗ್ಬಿಟ್ಟು ಬನ್ನಿ ಮೇಡಮ್ಮ" ಎಂದರು, ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತೂ ಆಡದೆ ಹೊರಟುಬಂದೆ. ಇಂದು ನಾಳೆ ಎನ್ನುತ್ತ ಐದು ವರ್ಷ ಕಳೆದೆ. ದೊರೈ ಹೋದರಂತೆ ಎಂದು ಸ್ಟೋರ್ಸಿನವರು ಫೋನಿನಲ್ಲಿ ಹೇಳಿದರು. ಹೋದ ಮಳೆಗಾಲದಲ್ಲಿ, ಚೌಡಪ್ಪನವರೂ ಹೋದರಂತೆ ಎಂದರು. ಆಗಲೂ ನಾನು ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳು ಇದನ್ನು ನಾಚಿಕೆ ಎನ್ನುತ್ತಾರೆ.

ಆ ಭಾನುವಾರ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಊರಿಗಾಂನಲ್ಲಿ ಇಳಿದಾಗ ಚಳಿಗಾಳಿ ದಿಬ್ಬದ ಧೂಳನ್ನು ಎಬ್ಬಿಸುತ್ತಿತ್ತು. ಪಾಪಕ್ಕ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬರಿ ಹಣೆ. "ಬಂದ್ರಾ" ಎಂದು ಪಕ್ಕದ ಜಾಗ ಕೈಯಲ್ಲಿ ಒರೆಸಿದರು. ನಾನು ಕೂತು ನಾಲ್ಕು ಕಾಯಿ ಸುಲಿದೆ.

"ತಪ್ಪಾಯ್ತು ಪಾಪಕ್ಕ" ಎಂದೆ ಕೊನೆಗೆ. "ಅವರಿಗೆ ನನ್ನ ಮೇಲೆ ಕೋಪ ಇತ್ತಾ?"

"ಇತ್ತು" ಎಂದರು ಆಕೆ, ಕೈ ನಿಲ್ಲಿಸದೆ. "ಎರಡ್ ತಿಂಗ್ಳು ನಿಮ್ ಎಸ್ರು ಎತ್ತಿದ್ರೆ ತಟ್ಟೆ ಬಿಟ್ಟು ಎದ್ದೋಗ್ತಿದ್ದ. ಆಮೇಲೆ ಇಳೀತು. ಆಮೇಲಿಂದ, ಬತ್ತಾರೆ ಬತ್ತಾರೆ ಅಂತ ಕಾಯ್ತಿದ್ದ. ಬಾಗ್ಲಲ್ಲಿ ಆಟೋ ನಿಂತ್ರೆ ಎದ್ದು ಕುಂತ್ಕಣೋನು."

ಕೋಪದ ಮಾತಿಗೆ ನಾನು ಸಿದ್ಧಳಾಗಿ ಬಂದಿದ್ದೆ. ಕಾಯುತ್ತಿದ್ದ ಎಂಬ ಮಾತಿಗೆ ಸಿದ್ಧಳಾಗಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಪಾಪಕ್ಕ ಒಳಗೆ ಹೋಗಿ ಮಂಚದಡಿಯ ಪೆಟ್ಟಿಗೆ ಎಳೆದ ಸದ್ದಾಯಿತು. ಬಟ್ಟೆಯಲ್ಲಿ ಸುತ್ತಿದ್ದ ಗರಿಯ ಹೂಗುಚ್ಛ ತಂದು ನನ್ನ ಮಡಿಲಲ್ಲಿಟ್ಟರು. ಬಣ್ಣ ಹೋಗಿತ್ತು, ಒಂದು ಪಕ್ಕ ಹುಳು ತಿಂದಿತ್ತು. "ಇದು ಮೇಡಮ್ಮಂದು. 'ಅವತ್ತು ನಾನು ಇಸ್ಕೊಂಡ್ಬಿಟ್ಟೆ, ಬಂದ್ರೆ ವಾಪಸ್ ಕೊಟ್ಬುಡು' ಅಂದಿದ್ದ."

ನಾನು ಅದನ್ನು ಹಿಡಿದುಕೊಂಡು ಕೂತಿದ್ದೆ. ಆಮೇಲೆ ಪಾಪಕ್ಕನ ಕೈಗೆ ಚಾಚಿದೆ. ಆಕೆ ಕೈ ಹಿಂದೆಳೆದುಕೊಂಡರು. "ನನಗ್ಯಾಕಮ್ಮ ಊವು, ಈಗ?" ಬಿಡಲಿಲ್ಲ, ಅವರೆಯ ಸೊನೆ ಮೆತ್ತಿದ ಆ ಬೆರಳುಗಳನ್ನು ಬಿಡಿಸಿ ಹೂವು ಹಿಡಿಸಿದೆ. ಒಂದು ಗಳಿಗೆ ಸುಮ್ಮನಿದ್ದು, ಕೈ ಚಾಚಿ, ಚೌಡಪ್ಪನವರ ಹಾಗೆಯೇ ಗಂಭೀರವಾಗಿ ಹೇಳಿದೆ:

"ಕೊಡಮ್ಮಾ ವಾಪಸ್ಸು. ನನ್ನತ್ರ ಇರೋದೇ ಒಂದು."

ಪಾಪಕ್ಕ ನನ್ನ ಮುಖ ನೋಡಿದರು. ಭುಜ ಅಲುಗಿತು. ಅಳುತ್ತಾರೆಂದುಕೊಂಡೆ. ನಗು ಬಂತು, ಮೊರದ ಕಾಳೆಲ್ಲ ಹೊಸಿಲಿಗೆ ಚೆಲ್ಲುವ ಹಾಗೆ ನಗು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನೋಡಿದಳು, ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲವಂತೆ. ನನ್ನ ಕೈ ಚಾಚಿಯೇ ಇತ್ತು. ಪಾಪಕ್ಕ ಕಣ್ಣೊರೆಸಿಕೊಂಡು ಹೂವನ್ನು ಎದೆಗೆ ಒತ್ತಿಕೊಂಡರು.

"ಕೊಡಲ್ಲ, ಓಗಮ್ಮ" ಎಂದರು.

ನಾನು ಬರಿಗೈಯಲ್ಲಿ ರೈಲು ಹತ್ತಿದೆ.